ಬಾಗಿಲು ಹಾಕಿದ ಹೊತ್ತು

ಒಂದು ದಿನದ ರಜೆಗೆ ಮೈಸೂರಿಗೆ ಬರುವವರಿಗೆಂದು ಟ್ಯಾಕ್ಸಿಯವರು, ಲಾಡ್ಜಿನವರು, ನೆಂಟರಿಷ್ಟರು ಸೇರಿ ಒಂದು ಪಟ್ಟಿ ಮಾಡಿಟ್ಟಿದ್ದಾರೆ. ಅದರಲ್ಲಿರುವ ಜಾಗಗಳಿಗೆ ಜಾಗ ಅನ್ನುವುದಿಲ್ಲ, ‘ಪಾಯಿಂಟ್’ ಅನ್ನುತ್ತಾರೆ. ಚಾಮುಂಡಿ ಬೆಟ್ಟ ಒಂದು ಪಾಯಿಂಟು, ಇಳಿಯುವಾಗ ನಂದಿ ಇನ್ನೊಂದು. ಆಮೇಲೆ ಅರಮನೆ, ಮೃಗಾಲಯ, ಜಗನ್ಮೋಹನ ಅರಮನೆ, ಸೇಂಟ್ ಫಿಲೋಮಿನಾ ಚರ್ಚು, ನಡುವೆ ಯಾರೂ ಕೇಳದಿದ್ದರೂ ಒಂದು ಸೀರೆ ಅಂಗಡಿ, ಸಂಜೆಗೆ ಕೆ.ಆರ್.ಎಸ್. ಬೃಂದಾವನ. ಅಲ್ಲಿಗೆ ಎಂಟಾಯಿತು. ‘ಎಂಟೂ ಪಾಯಿಂಟ್ ಕವರ್ ಆಯ್ತು’ ಎನ್ನುವಾಗ ಮನೆಯ ಯಜಮಾನರ ಮುಖದ ಮೇಲೆ ಮೂಡುವ ತೃಪ್ತಿ, ಕಂದಾಯ ಕಟ್ಟಿ ರಸೀದಿ ಜೇಬಿಗಿಳಿಸಿದವರ ತೃಪ್ತಿ. ಮೈಸೂರು ನೋಡಿದಿರಾ ಎಂದು ಕೇಳಿದರೆ ‘ಮುಗಿಸಿದ್ವಿ’ ಅನ್ನುತ್ತಾರೆ. ತಟ್ಟೆಯಲ್ಲಿ ಬಡಿಸಿದ್ದನ್ನು ಮುಗಿಸಬಹುದು, ಊರನ್ನು ಮುಗಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬಿಡೋಣ. ನನ್ನ ತಕರಾರು ಪಟ್ಟಿ ಉದ್ದವಾಯಿತು ಎಂದಲ್ಲ. ಅದರಿಂದ ಮುಖ್ಯವಾದದ್ದೊಂದು ಬಿಟ್ಟುಹೋಗಿದೆ ಎಂದು. ಮೈಸೂರಿನಲ್ಲಿ ತಪ್ಪಿಸಿಕೊಳ್ಳಬಾರದ ಸಂಗತಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ, ಎಲ್ಲ ಕಡೆಯೂ ಬಾಗಿಲು ಹಾಕಿರುವ ಹೊತ್ತು. ಆ ಹೊತ್ತನ್ನು ಪಟ್ಟಿಯ ನಡುವೆ ಕೂರಿಸಿ, ಅದರ ಈಚೆಗೊಂದು ತಿಂಡಿ, ಒಂದು ದೇವರು, ಆಚೆಗೊಂದು ಚಿತ್ರ ಇಟ್ಟುಕೊಂಡರೆ ರಜೆಯ ದಿನ ಭರ್ತಿಯಾಯಿತು. ಉಳಿದ ಪಾಯಿಂಟುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಅದಕ್ಕೆ ಪುರಾವೆಯಾಗಿ ನಂದಿಯನ್ನೇ ಮುಂದೆ ಸಾಕ್ಷಿಗೆ ಕರೆಯುತ್ತೇನೆ.

ಮೊದಲು ಹೊತ್ತಿನ ಲೆಕ್ಕ. ಬೆಟ್ಟದ ಮೇಲೆ ಚಾಮುಂಡಮ್ಮನ ಗುಡಿಯಲ್ಲಿ ಮಧ್ಯಾಹ್ನ ಎರಡರ ಸುಮಾರಿಗೆ ದರ್ಶನ ನಿಲ್ಲಿಸಿ ಮತ್ತೆ ಮೂರೂವರೆಯ ಹೊತ್ತಿಗೆ ಬಾಗಿಲು ತೆಗೆಯುತ್ತಾರೆ. ಅರಮನೆಯ ಕೋಟೆಯೊಳಗಿನ ದೇವರುಗಳು ಇನ್ನೂ ಹಿಂದಿನ ಕಾಲದವರು, ಊಟದ ಹೊತ್ತಿಗೆ ಮೊದಲೇ ಒಳಗೆ ಹೋದರೆ ಹೊರಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಳೆಯ ತಿಂಡಿ ಹೋಟೆಲುಗಳದೂ ಇದೇ ಸಂಪ್ರದಾಯ. ನಜರ್‌ಬಾದಿನ ಮೈಲಾರಿಯಾಗಲಿ, ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಂ ಆಗಲಿ, ಬೆಳಗಿನ ತಿಂಡಿಯ ಸಂಭ್ರಮ ಮುಗಿದ ಮೇಲೆ ಕಾವಲಿಗೆ ವಿಶ್ರಾಂತಿ ಕೊಟ್ಟು, ಸಂಜೆಯ ಕಾಫಿ ಹೊತ್ತಿಗೆ ಮತ್ತೆ ಒಲೆ ಹಚ್ಚುವ ಪೈಕಿ. ದೇವರೂ ದೋಸೆಯೂ ಒಂದೇ ವೇಳಾಪಟ್ಟಿ ಪಾಲಿಸುವ ಊರಿನಲ್ಲಿ, ಆ ಬಿಡುವಿನಲ್ಲಿ ಹೊರಗಿನವರು ಏನು ಮಾಡುತ್ತಾರೆ? ಮೃಗಾಲಯಕ್ಕೆ ಹೋಗುತ್ತಾರೆ. 1892ರಲ್ಲಿ ಶುರುವಾದ ಆ ಮೃಗಾಲಯದಲ್ಲಿ ಸುಡುಬಿಸಿಲಿನ ಹೊತ್ತು ಹುಲಿ ಮಲಗಿರುತ್ತದೆ, ಸಿಂಹ ಮಲಗಿರುತ್ತದೆ, ಮೊಸಳೆ ಮಲಗಿದೆಯೋ ಎದ್ದಿದೆಯೋ ಮೊಸಳೆಗೇ ಗೊತ್ತು. ಟಿಕೆಟ್ ಕೊಟ್ಟು, ಬೆವರೊರೆಸಿಕೊಂಡು, ಮಗುವನ್ನು ಹೆಗಲ ಮೇಲೆ ಹೊತ್ತು, ಬೇರೆಯವರು ನಿದ್ದೆ ಮಾಡುವುದನ್ನು ನೋಡಿ ಬರುವ ಈ ವ್ಯವಹಾರದಲ್ಲಿ ಜಾಣರು ಕಂಬಿಯ ಯಾವ ಕಡೆ ಇದ್ದಾರೆ ಎಂಬುದನ್ನು ನಾನು ಹೇಳಬೇಕಿಲ್ಲ. (ಮಂಗಳವಾರ ಮೃಗಾಲಯಕ್ಕೇ ರಜೆ. ಅವತ್ತು ಹುಲಿಗೆ, ನೋಡುವವರ ಕಾಟವೂ ಇಲ್ಲದ ಅಪ್ಪಟ ನಿದ್ದೆ.)

ಇದು ಸೋಮಾರಿಯೊಬ್ಬ ಕಟ್ಟಿಕೊಂಡ ಸಮರ್ಥನೆ ಎಂದು ಮೂಗು ಮುರಿಯುವವರಿಗಾಗಿ ಒಂದು ಶಾಸ್ತ್ರಾಧಾರವಿದೆ, ಅದೂ ಮೈಸೂರಿನದೇ. ಇಲ್ಲಿಯ ಓರಿಯಂಟಲ್ ಲೈಬ್ರರಿಯಲ್ಲಿ, ಈಗ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ, 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಗ್ರಂಥ ಲಿಪಿಯ ತಾಳೆಗರಿಯ ಕಟ್ಟೊಂದು ಸಿಕ್ಕಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಉಳಿದು ಒಡಲು ಎಲ್ಲಿದೆಯೆಂದು ತಿಳಿಯದಿದ್ದ ಗ್ರಂಥವನ್ನು ಅವರು 1909ರಲ್ಲಿ ಅಚ್ಚು ಹಾಕಿಸಿದರು. ಲೋಕವೆಲ್ಲ ಅದರಲ್ಲಿ ಗೂಢಚಾರರನ್ನು, ತೆರಿಗೆಯನ್ನು, ಶತ್ರುವಿನ ಶತ್ರುವನ್ನು ಹುಡುಕಿತು. ಮೈಸೂರಿನವರು ಹುಡುಕಬೇಕಾದ ಪುಟ ಬೇರೆ. ಅದರಲ್ಲಿ ಕೌಟಿಲ್ಯ ರಾಜನ ಹಗಲನ್ನು ಎಂಟು ಪಾಲು ಮಾಡಿ ಪ್ರತಿ ಪಾಲಿಗೂ ಕೆಲಸ ಹಚ್ಚುತ್ತಾನೆ. ಆಯವ್ಯಯ, ಪ್ರಜೆಗಳ ಅಹವಾಲು, ಸ್ನಾನ ಊಟ ಓದು, ಅಧಿಕಾರಿಗಳ ನೇಮಕ, ಮಂತ್ರಿಗಳಿಗೆ ಓಲೆ, ಆನೆ ಕುದುರೆಗಳ ತಪಾಸಣೆ. ಉಸಿರಾಡಲೂ ಅಪ್ಪಣೆ ಬೇಕು ಅನ್ನಿಸುವಂಥ ದಿನಚರಿ. ಆದರೆ ಆರನೆಯ ಪಾಲಿಗೆ ಬಂದಾಗ ಈ ಕಟುಕ ಲೆಕ್ಕಿಗ ಇದ್ದಕ್ಕಿದ್ದಂತೆ ಮೆತ್ತಗಾಗಿ, ರಾಜ ಸ್ವೈರವಿಹಾರ ಮಾಡಬಹುದು, ಇಲ್ಲವೇ ಮಂತ್ರಾಲೋಚನೆ ಮಾಡಬಹುದು ಎಂದುಬಿಡುತ್ತಾನೆ. ಬೆಳಗ್ಗೆ ಆರಕ್ಕೆ ಹಗಲು ಶುರುವಾಯಿತೆಂದು ಹಿಡಿದರೆ ಆರನೆಯ ಪಾಲು ಮಧ್ಯಾಹ್ನ ಒಂದೂವರೆಯಿಂದ ಮೂರು. ಆ ಹೊತ್ತಿನಲ್ಲಿ ಮಂತ್ರಾಲೋಚನೆಗೂ ಮನಸ್ಸು ಬಂದ ಹಾಗಿರುವುದಕ್ಕೂ ನಡುವೆ ಹೆಚ್ಚು ಅಂತರವಿಲ್ಲವೆಂಬುದು ಸರ್ಕಾರಿ ಕಚೇರಿಯ ಮಧ್ಯಾಹ್ನದ ಮೀಟಿಂಗು ಕಂಡವರಿಗೆಲ್ಲ ಗೊತ್ತು. ಚಕ್ರವರ್ತಿಗೇ ಕೊಟ್ಟ ಬಿಡುವನ್ನು ಒಂದು ದಿನದ ರಜೆಗೆಂದು ಬಂದ ಬ್ಯಾಂಕ್ ಗುಮಾಸ್ತರು ತಾವೇ ಕೈಯಾರೆ ನಿರಾಕರಿಸುವುದೆಂದರೇನು!

ಈಗ ನಂದಿಯ ಸಾಕ್ಷ್ಯ. ಬೆಟ್ಟದ ಸಾವಿರ ಮೆಟ್ಟಿಲುಗಳಲ್ಲಿ ಅರ್ಧಕ್ಕಿಂತ ಮೇಲೆ, 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲಕ್ಕೆ ಮೂಡಿದ ಆ ಬಸವನಿಗೆ ಸುಮಾರು 16 ಅಡಿ ಎತ್ತರ, 24 ಅಡಿ ಉದ್ದ. ಒಂದೇ ಕಲ್ಲು. ಆ ಕಲ್ಲಿನಲ್ಲಿ ಶಿಲ್ಪಿಗೆ ಬೇಕಾದ್ದು ಮಾಡಬಹುದಿತ್ತು. ಅವನು ಮಾಡಿದ್ದು ಮಲಗಿದ ಎತ್ತು. ಒಂದು ಮುಂಗಾಲನ್ನು ಈಗ ಏಳುತ್ತೇನೆ ಎಂಬಂತೆ ಮುಂದಿಟ್ಟು, ಆ ‘ಈಗ’ವನ್ನು ಮುನ್ನೂರೈವತ್ತು ವರ್ಷ ಮುಂದೂಡಿಕೊಂಡು ಬಂದಿದೆ. ಅದರ ಮುಂದೆ ಜನ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ, ಇಳಿದು, ಕೈ ಮುಗಿದು, ಫೋಟೋ ತೆಗೆಸಿಕೊಂಡು ಹತ್ತು ನಿಮಿಷದಲ್ಲಿ ಹೊರಡುತ್ತಾರೆ. ಮೆಟ್ಟಿಲು ಹತ್ತಿ ಬರುವವರ ಗತಿ ಬೇರೆ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಹಚ್ಚಿ ಕುಂಕುಮವಿಡುತ್ತಾರೆ; ಸಾವಿರ ಸಲ ಬಗ್ಗುವುದು, ಸಾವಿರ ಸಲ ಏಳುವುದು. 201ನೇ ನಂಬರಿನ ಸಿಟಿ ಬಸ್ಸು ಅದೇ ದೇವಿಯ ಬಳಿಗೆ ಅವರಿಗಿಂತ ಎಷ್ಟೋ ಮೊದಲು ಮುಟ್ಟಿಸುತ್ತದೆ. ದೇವಿ ಅವೇ ಕಣ್ಣುಗಳಿಂದ ಇಬ್ಬರನ್ನೂ ನೋಡುತ್ತಾಳೆ, ಅನುಮಾನವಿಲ್ಲ. ಆದರೆ ಸಾಲಿನಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಅನ್ನಿಸಿಕೊಂಡು ಅರೆಕ್ಷಣ ಕಂಡ ಮುಖ ಯಾರ ಕಣ್ಣಲ್ಲಿ ಹೆಚ್ಚು ಹೊತ್ತು ನಿಂತಿರುತ್ತದೆ ಎಂದರೆ, ಮೊಣಕಾಲು ನೋವು ಇನ್ನೂ ಇರುವವರ ಕಣ್ಣಲ್ಲಿ ಎಂದೇ ನನ್ನ ಊಹೆ.

ಬೆಟ್ಟಕ್ಕೆ ಹೋಗಲಾಗದವರು ಚಿಂತಿಸಬೇಕಿಲ್ಲ. ಅರಮನೆಯ ಕೋಟೆಯೊಳಗೇ ತ್ರಿನೇಶ್ವರ, ಭುವನೇಶ್ವರಿ, ಪ್ರಸನ್ನಕೃಷ್ಣ, ಕೋಡಿ ಭೈರವ ಎಂದು ದೇವರುಗಳ ದೊಡ್ಡ ವಠಾರವೇ ಇದೆ, ಟಿಕೆಟ್ ಸಾಲಿನವರಿಗೆ ಅದು ಕಾಣಿಸುವುದಿಲ್ಲ ಅಷ್ಟೆ. ದಕ್ಷಿಣ ಬಾಗಿಲ ಕಡೆಯ ಶ್ವೇತವರಾಹಸ್ವಾಮಿಯನ್ನು ನಾನು ಶಿಫಾರಸು ಮಾಡುತ್ತೇನೆ, ಅವನ ಪ್ರಯಾಣದ ವೈಖರಿಗಾಗಿ. ತಮಿಳುನಾಡಿನ ಶ್ರೀಮುಷ್ಣದಿಂದ ಚಿಕ್ಕದೇವರಾಜ ಒಡೆಯರು ತಂದ ಈ ಮೂರ್ತಿ ಮೊದಲು ಶ್ರೀರಂಗಪಟ್ಟಣದಲ್ಲಿ ಇಳಿದುಕೊಂಡಿತು. ಅಲ್ಲಿಂದ ಮೈಸೂರಿಗೆ ಎಷ್ಟು ದೂರ? ಈಗಿನ ಲೋಕಲ್ ರೈಲಿಗೆ ಅರ್ಧ ಗಂಟೆಯೂ ಬೇಡ. ವರಾಹಸ್ವಾಮಿ ಅಷ್ಟು ದೂರಕ್ಕೆ ನೂರು ವರ್ಷಕ್ಕೂ ಮಿಕ್ಕ ಹೊತ್ತು ತೆಗೆದುಕೊಂಡ. ನಡುವೆ ರಾಜ್ಯ ಕೈ ಬದಲಾಯಿತು, ಯುದ್ಧಗಳಾದವು. 19ನೇ ಶತಮಾನದ ಮೊದಲ ವರ್ಷಗಳಲ್ಲಿ ದಿವಾನ್ ಪೂರ್ಣಯ್ಯನವರು ಗುಡಿ ಸಿದ್ಧಪಡಿಸಿದ ಮೇಲೆ ಬಂದು ಕೂತ. ಗುಡಿಯ ಕೆಲಸಕ್ಕೂ ಅವಸರ ಮಾಡಲಿಲ್ಲ. ಹೊಯ್ಸಳರ ಕಾಲದ ಕಂಬ, ಬಾಗಿಲುವಾಡಗಳೇ ಬೇರೆ ಕಡೆಯಿಂದ ಬಂದು ಸೇರಿಕೊಂಡವು. ಭೂಮಿಯನ್ನು ಕೋರೆಯ ಮೇಲೆ ಎತ್ತಲು ತಡಮಾಡದ ದೇವರು ಮೈಸೂರಿಗೆ ಬರಲು ಮಾತ್ರ ಸಾವಕಾಶ ಮಾಡಿದನೆಂದರೆ, ಅವನಿಗೆ ಈ ಊರಿನ ಸ್ವಭಾವ ಮೊದಲೇ ತಿಳಿದಿರಬೇಕು.

ಇಲ್ಲಿ ಮೊದಲ ಆಕ್ಷೇಪಣೆ ಏಳುತ್ತದೆ. ಒಂದೇ ದಿನ ಇರುವುದು, ಬೆಳಗ್ಗೆ ಬೆಂಗಳೂರು ಬಿಟ್ಟು ರಾತ್ರಿ ವಾಪಸು ಹೋಗಬೇಕು, ಮಲಗುವುದಕ್ಕೆ ನೂರು ಮೈಲಿ ಬರಬೇಕೆ ಎಂದು. ಮೊದಲನೆಯದಾಗಿ ನೂರು ಮೈಲಿ ಇಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯ ಉದ್ದ 118 ಕಿಲೋಮೀಟರು. ಎರಡನೆಯದಾಗಿ, ಆ ಹೆದ್ದಾರಿಯನ್ನು ಹಾಕಿದವರೇ ಹೇಳಿದ ಪ್ರಕಾರ ಮೂರು ಗಂಟೆಯ ದಾರಿ ಒಂದೂಕಾಲು ಗಂಟೆಗೆ ಇಳಿದಿದೆ. ಹೋಗಿ ಬರಲು ಒಟ್ಟು ಮೂರೂವರೆ ಗಂಟೆ ಉಳಿತಾಯ. ಈ ಮೂರೂವರೆ ಗಂಟೆ ಎಲ್ಲಿ ಹೋಯಿತು ಎಂದು ಯಾರಾದರೂ ಲೆಕ್ಕ ಕೇಳಿದ್ದುಂಟೆ? ಅದರಲ್ಲಿ ಒಂದು ಗಂಟೆ ಅರಮನೆಯ ಸುತ್ತ ಪಾರ್ಕಿಂಗ್ ಹುಡುಕುವುದರಲ್ಲಿ, ಇನ್ನೊಂದು ಗಂಟೆ ಪಟ್ಟಿಗೆ ಹೊಸದಾಗಿ ಸೇರಿಸಿದ ಒಂಬತ್ತನೇ ಪಾಯಿಂಟಿನಲ್ಲಿ, ಉಳಿದದ್ದು ‘ಬೇಗ ಬನ್ರೀ, ಹೊತ್ತಾಯ್ತು’ ಎಂದು ಒಬ್ಬರನ್ನೊಬ್ಬರು ಕೂಗುವುದರಲ್ಲಿ ಹೋಗುತ್ತದೆ. ಉಳಿಸಿದ ದುಡ್ಡನ್ನು ಬ್ಯಾಂಕಿನಲ್ಲಿಡುತ್ತೇವೆ. ಉಳಿಸಿದ ಹೊತ್ತನ್ನು ಇಡಲು ಮರದ ನೆರಳಿಗಿಂತ ಭದ್ರವಾದ ಜಾಗ ಕಾಣೆ. ‘ನಿಧಾನ’ ಎಂಬ ಮಾತಿಗೆ ನಾವೀಗ ತಡ ಎಂದಷ್ಟೇ ಅರ್ಥ ಹಚ್ಚಿಕೊಂಡಿದ್ದೇವೆ. ಸಂಸ್ಕೃತದಲ್ಲೂ ಹಳೆಯ ಕಾವ್ಯಗಳಲ್ಲೂ ಅದಕ್ಕೆ ನಿಧಿ, ನಿಕ್ಷೇಪ, ಹೂತಿಟ್ಟ ಕೊಪ್ಪರಿಗೆ ಎಂಬ ಅರ್ಥ. ‘ನಿಧಾನವಾಗಿ ಚಲಿಸಿ’ ಎಂಬ ಹಳದಿ ಫಲಕಗಳನ್ನೆಲ್ಲ ಆ ಅರ್ಥದಲ್ಲಿ ಓದಿಕೊಂಡರೆ ಲೋಕೋಪಯೋಗಿ ಇಲಾಖೆ ದಾರಿಯುದ್ದಕ್ಕೂ ನಿಧಿಯ ಸುಳಿವು ಕೊಟ್ಟಂತಾಗುತ್ತದೆ.

ಚಿತ್ರದ ವಿಷಯಕ್ಕೆ ಬಂದರೆ ಅವಸರದ ಹಾನಿಗೆ ಲಿಖಿತ ದಾಖಲೆಯೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯಲ್ಲಿ 1915ರಿಂದ ಚಿತ್ರಶಾಲೆ ಇದೆ. ಅಲ್ಲಿ ರಾಜಾ ರವಿವರ್ಮನ ಚಿತ್ರಗಳಿವೆ, ಮೈಸೂರು ಶೈಲಿಯ ಬಂಗಾರದ ರೇಕಿನ ದೇವರುಗಳಿದ್ದಾರೆ, ವಾದ್ಯಗಳಿವೆ, ಗಡಿಯಾರಗಳಿವೆ. ಜನ ನೆನಪಿಟ್ಟುಕೊಳ್ಳುವುದು ಮಾತ್ರ ದೀಪ ಹಿಡಿದ ಹೆಂಗಸಿನ ಜಲವರ್ಣದ ಒಂದು ಚಿತ್ರ. ಅದನ್ನು ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, 1940ರ ದಶಕದ ನಡುಭಾಗದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆದರೆ ಚಿತ್ರಶಾಲೆಯಿಂದ ಹೊರಗೆ ಬಂದ ಹತ್ತು ಜನರನ್ನು ಕೇಳಿ ನೋಡಿ, ಆರು ಜನವಾದರೂ ‘ರವಿವರ್ಮಂದು ಆ ದೀಪದ ಚಿತ್ರ’ ಎನ್ನದಿದ್ದರೆ ಕೇಳಿ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ತೀರಿಕೊಂಡ ನಲವತ್ತು ವರ್ಷಗಳ ಮೇಲೂ ಚಿತ್ರ ಬರೆಸುವ ಶಕ್ತಿ ಅವಸರಕ್ಕೆ ಮಾತ್ರ ಉಂಟು! ಚಿತ್ರದ ಕೆಳಗೆ ಹೆಸರಿದೆ. ಓದುವಷ್ಟು ಹೊತ್ತು ನಿಲ್ಲಲು ಮುಂದಿನ ಪಾಯಿಂಟು ಬಿಡುವುದಿಲ್ಲ. ಬಿಡುವಿದ್ದು ನಿಂತವರಿಗೆ ಇನ್ನೊಂದು ಗುಟ್ಟು ಸಿಗುತ್ತದೆ. ಆ ಹೆಂಗಸು ದೀಪವನ್ನು ತೋರಿಸುತ್ತಿಲ್ಲ, ಅಂಗೈಯಿಂದ ಮರೆಮಾಡಿದ್ದಾಳೆ. ಬೆರಳ ಸಂದಿಯಲ್ಲಿ ರಕ್ತದ ಕೆಂಪು ಮಿನುಗುವುದು, ಮುಖಕ್ಕೆ ಬೆಳಕು ಹತ್ತುವುದು, ಸೀರೆಯ ಮಡಿಕೆಗಳಿಗೆ ನೆರಳು ಬರುವುದು, ಎಲ್ಲವೂ ಆ ಕೈ ಅಡ್ಡ ಇರುವುದರಿಂದ. ಕೈ ತೆಗೆದರೆ ಉಳಿಯುವುದು ದೀಪದ ಚಿತ್ರ. ಅದು ದೇವರ ಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಇದೆ. ಈ ಊರಿನ ಹಾಕಿದ ಬಾಗಿಲುಗಳ ಬಗ್ಗೆ ನಾನು ಹೇಳಬೇಕೆಂದಿರುವುದನ್ನು ಹಲ್ದಣಕರರು ನೀರು ಬಣ್ಣದಲ್ಲಿ, ಒಂದೂ ಮಾತಾಡದೆ ಹೇಳಿಬಿಟ್ಟಿದ್ದಾರೆ. ಆದರೂ ಪುಟ ತುಂಬಬೇಕಲ್ಲ.

ತಿಂಡಿಯದು ದೊಡ್ಡ ಅಧ್ಯಾಯ. ಹೊರ ಊರುಗಳಲ್ಲಿ ‘ಮೈಸೂರು ಮಸಾಲೆ’ ಎಂದರೆ ಒಳಮೈಗೆ ಕೆಂಪು ಚಟ್ನಿ ಸವರಿದ ದೋಸೆ. ಮುಂಬಯಿಯ ಗಾಡಿಯವರು ಅದಕ್ಕೆ ಬೀಟ್‌ರೂಟಿನಿಂದ ಹಿಡಿದು ಚೀಸ್‌ವರೆಗೆ ಏನೇನೋ ತುಂಬಿ ಮೈಸೂರಿನ ಹೆಸರಿನಲ್ಲಿ ಮಾರುತ್ತಾರೆ. ಮೈಸೂರಿನಲ್ಲಿ ಕೂತು ‘ಒಂದು ಮೈಸೂರು ಮಸಾಲೆ’ ಎಂದರೆ ಸಪ್ಲೈಯರು ಒಂದು ಕ್ಷಣ ನಿಮ್ಮ ಮುಖ ನೋಡಿ ‘ಮಸಾಲೆ ದೋಸೆನಾ ಸಾರ್?’ ಅನ್ನುತ್ತಾರೆ. ಗಂಗೆಯಲ್ಲಿ ನಿಂತು ಗಂಗಾಜಲ ಕೇಳಿದವರ ಸ್ಥಿತಿ ಅದು. ಮೈಲಾರಿಯ ದೋಸೆ ಇನ್ನೊಂದು ಜಾತಿ. ಗರಿಗರಿ ಎಂಬ ಗದ್ದಲವಿಲ್ಲ, ಮೃದು, ಮೇಲೆ ಬೆಣ್ಣೆ, ಒಳಗೆ ಸಾಗು, ಪಕ್ಕದಲ್ಲಿ ಕಾಯಿ ಚಟ್ನಿ. ಒಂದು ತಿಂದು ಏಳುವವರು ಅಪರೂಪ, ಮೂರನೆಯದಕ್ಕೆ ನಾಚುವವರು ಇನ್ನೂ ಅಪರೂಪ. ಈ ಮೃದುತನ ಕಾವಲಿಯ ಮೇಲಿನ ಎರಡು ನಿಮಿಷದ್ದಲ್ಲ, ಹಿಂದಿನ ರಾತ್ರಿಯದು. ರುಬ್ಬಿದ ಹಿಟ್ಟನ್ನು ಮುಚ್ಚಳ ಮುಚ್ಚಿ ಸುಮ್ಮನೆ ಬಿಟ್ಟದ್ದರ ಫಲ. ಯಾರೂ ಕೈ ಹಾಕದ, ಯಾರೂ ಇಣುಕದ ಎಂಟು ಗಂಟೆ. ಹಿಟ್ಟಿಗೂ ಬಾಗಿಲು ಹಾಕಿದ ಹೊತ್ತು ಬೇಕು. ಮೈಸೂರ್ ಪಾಕದ ಶಿಸ್ತು ಇನ್ನೂ ಕಠಿಣ. ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆ ಕೂಡಿಸಿ ಮಾಡಿದ ಸಿಹಿಗೆ ದೊರೆ ಹೆಸರು ಕೇಳಿದಾಗ ಹೊಳೆದ ಹೆಸರು ಅದು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಅವರ ವಂಶದವರ ಗುರು ಸ್ವೀಟ್ಸ್ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಗೆ ಅಂಟಿಕೊಂಡೇ ಇದೆ. ಎಳೆ ಪಾಕಕ್ಕೆ ಹಿಟ್ಟು ಬಿದ್ದ ಮೇಲೆ ಕಾದ ತುಪ್ಪವನ್ನು ಸ್ವಲ್ಪ ಸ್ವಲ್ಪವೇ ಹೊಯ್ಯಬೇಕು, ಗೂಡುಗೂಡಾಗಿ ಉಬ್ಬುವವರೆಗೆ ಕೈ ನಿಲ್ಲಿಸಬಾರದು, ತಟ್ಟೆಗೆ ಸುರಿದ ಮೇಲೆ ಮುಟ್ಟಬಾರದು. ಬೇಗ ಕತ್ತರಿಸಿದರೆ ಹಲ್ವ, ತಡವಾದರೆ ಚಪ್ಪಡಿ. ಪೂರ್ತಿ ಚಪ್ಪಡಿಯಾದದ್ದನ್ನು ಹಬ್ಬದ ದಿನ ಮಕ್ಕಳಿಗೆ ಹಂಚಿ ಹಲ್ಲು ಗಟ್ಟಿಯೆಂದು ಹೊಗಳುವ ಮನೆಗಳೂ ಇವೆ.

ಕಾಫಿಯನ್ನು ಇಲ್ಲಿ ಮರೆಯುವಂತಿಲ್ಲ. ‘ಬೈಟು’ ಎಂಬುದು ಕರ್ನಾಟಕದ ಎಲ್ಲ ಕಡೆ ಇದೆ, ಆದರೆ ಬೇರೆ ಕಡೆ ಅದು ಜಿಪುಣತನದ ಲೆಕ್ಕವಾದರೆ ಇಲ್ಲಿ ಕಾಲಮಾನದ ಲೆಕ್ಕ. ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಂಡರೆ ಪ್ರಮಾಣ ಅರ್ಧವಾಗುತ್ತದೆ, ಮಾತು ಇಮ್ಮಡಿಯಾಗುತ್ತದೆ, ಕೂರುವ ಹೊತ್ತು ನಾಲ್ಕು ಪಟ್ಟಾಗುತ್ತದೆ. ಇದು ಯಾವ ಗಣಿತದ ಸೂತ್ರಕ್ಕೂ ಸಿಕ್ಕುವುದಿಲ್ಲ, ಗಲ್ಲೆಯ ಮೇಲೆ ಕೂತವರಿಗೆ ಮಾತ್ರ ಅರ್ಥವಾಗಿರುತ್ತದೆ.

ಎರಡನೆಯ ಆಕ್ಷೇಪಣೆ ಗಂಭೀರವಾದದ್ದು, ಅದನ್ನು ನಗುತ್ತ ದಾಟಿಸುವಂತಿಲ್ಲ. ಮೈಸೂರಿನ ನಿಧಾನವೆಂಬುದು ಪಿಂಚಣಿದಾರರ ಮಾತು, ರಾಜರ ಕಾಲದ ಪಳೆಯುಳಿಕೆ. ಒಬ್ಬರು ಮಲಗಬೇಕಾದರೆ ಇನ್ನೊಬ್ಬರು ಎದ್ದಿರಬೇಕು. ಟಾಂಗಾದವನು, ಹೂವು ಕಟ್ಟುವವಳು, ಕಾವಲಿಯ ಮುಂದೆ ಬೇಯುವವನು ಮಲಗುತ್ತಾರೆಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಅರಮನೆಯ ಸೊಂಪಿನ ಹಿಂದೆ ಬೆವರು ಸುರಿಸಿದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಆದರೆ ನನ್ನ ವಾದ ಅವರ ವಿರುದ್ಧ ಇಲ್ಲ, ಅವರ ಪರವಾಗಿಯೇ ಇದೆ. ಬಾಗಿಲು ಹಾಕುವುದರಿಂದ ವಿರಾಮ ಸಿಗುವುದು ಒಳಗಿರುವವರಿಗೆ. ದೇವರಿಗೆ ಏಕಾಂತ ಎಂದು ಹೇಳಿ ಅರ್ಚಕರು ಬೆಳಗಿನಿಂದ ಕಾದಿದ್ದ ಅನ್ನಕ್ಕೆ ಕೂರುತ್ತಾರೆ. ಕಾವಲಿ ಆರಿದೆ ಎಂದು ಹೇಳಿ ದೋಸೆಯವರು ಬೆನ್ನು ನೇರ ಮಾಡುತ್ತಾರೆ. ಅಷ್ಟೂ ಹೊತ್ತಲ್ಲ, ಸಂಜೆಯ ಚಟ್ನಿಗೆ ಕಾಯಿ ಒಡೆಯುವುದಕ್ಕೆ ಮುಂಚಿನ ಒಂದು ಗಂಟೆ. ಆ ಒಂದು ಗಂಟೆಯನ್ನು ‘ಸ್ವಲ್ಪ ಅರ್ಜೆಂಟು, ದೂರದಿಂದ ಬಂದಿದ್ದೀವಿ’ ಎಂದು ಬಾಗಿಲು ತಟ್ಟಿ ಕಸಿದುಕೊಳ್ಳುವವರು ಪಾಯಿಂಟಿನ ಪಟ್ಟಿಯವರೇ ಹೊರತು ನಮ್ಮ ಪಕ್ಷದವರಲ್ಲ. ಅತಿಥಿ ಎಚ್ಚರವಿರುವಷ್ಟು ಹೊತ್ತು ಮನೆಯವರು ಮಲಗುವಂತಿಲ್ಲ. ಇದು ನೆಂಟರನ್ನು ಕಂಡ ಎಲ್ಲ ಗೃಹಿಣಿಯರ ಅನುಭವ. ಒಂದು ಊರಿಗೆ ಊರೇ ಅತಿಥಿಗಳನ್ನು ಇಟ್ಟುಕೊಂಡು ಬದುಕುವಾಗ, ಅತಿಥಿ ಮೊದಲು ಮಲಗುವುದು ಸಭ್ಯತೆ.

ಮೂರನೆಯವರು, ಈ ಮೈಸೂರು ಈಗೆಲ್ಲಿದೆ ಎನ್ನುತ್ತಾರೆ. ರಿಂಗ್ ರಸ್ತೆ ಬಂತು, ಸಾಫ್ಟ್‌ವೇರ್ ಬಂತು, ಮಾಲ್ ಬಂತು, ಹಗಲಿಡೀ ತೆರೆದಿರುವ ಹೋಟೆಲು ಹೆಜ್ಜೆಗೊಂದು, ನಿಂತು ತಿನ್ನುವ ದರ್ಶಿನಿಗಳು ಮೊಹಲ್ಲಾಗೆ ನಾಲ್ಕು. ಅರ್ಧ ಒಪ್ಪುತ್ತೇನೆ. 2011ರ ಜನಗಣತಿಗೇ ಒಂಬತ್ತು ಲಕ್ಷದ ಹತ್ತಿರವಿದ್ದ ಊರು ತೊಟ್ಟಿಲಲ್ಲಿಟ್ಟು ತೂಗುವಂಥದ್ದಲ್ಲ. ಒಪ್ಪದಿರುವುದು, ಮೊದಲು ಇದ್ದ ನಿಧಾನ ತಾನಾಗಿ ಬಂದದ್ದು, ಈಗ ತಾನಾಗಿ ಹೋಯಿತು ಎಂಬ ಮಾತನ್ನು. 19ನೇ ಶತಮಾನದ ಕೊನೆಗೆ ಪ್ಲೇಗು ಇಕ್ಕಟ್ಟಿನ ಕೇರಿಗಳನ್ನು ಬಡಿದಾಗ ಊರಿಗೆ ಬುದ್ಧಿ ಬಂತು. 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡು ಕಟ್ಟಿ, ಅಗಲ ರಸ್ತೆ, ಚರಂಡಿ, ಗಾಳಿಯಾಡುವ ಬಡಾವಣೆ, ಉದ್ಯಾನ ಎಂದು ನಕ್ಷೆ ಹಾಕಿ ಬಿಡುವನ್ನು ನೆಲದ ಮೇಲೆ ಎಳೆದರು. ಇವತ್ತು ಯಾವ ಸಾಲುಮರದ ಕೆಳಗೆ ಆಟೋದವರು ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಚಾಚಿ ಮಲಗುತ್ತಾರೋ ಆ ನೆರಳಿಗೊಂದು ಕಡತವಿದೆ, ಅನುದಾನವಿದೆ. ಕಟ್ಟಿದ್ದನ್ನು ಕೆಡವಬಹುದು, ಹೌದು, ಹಾಗೆಯೇ ಉಳಿಸಿಕೊಳ್ಳಲೂಬಹುದು. ಅದಕ್ಕೆ ಬೇಕಾದ್ದು ಮಧ್ಯಾಹ್ನ ಬಾಗಿಲು ಹಾಕಿದ ಹೋಟೆಲಿಗೆ ಅಂ‌ತರ್ಜಾಲದಲ್ಲಿ ಒಂದು ಸ್ಟಾರ್ ಕಡಿಮೆ ಕೊಡದಿರುವ ಔದಾರ್ಯ.

ಹಾಗಾದರೆ ಅರಮನೆ ಬಿಡಬೇಕೆ? ಇದು ಕೊನೆಯ, ಕಣ್ಣೀರಿನ ಆಕ್ಷೇಪಣೆ, ಮಕ್ಕಳಿರುವವರು ತರುವಂಥದು. ಬಿಡಿ ಎನ್ನಲು ನನಗೆ ಧೈರ್ಯವಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಸಡಗರದ ನಡುವೆ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸದು ಮುಗಿದದ್ದು 1912ರಲ್ಲಿ. ಹದಿನೈದು ವರ್ಷ ಕಟ್ಟಿದ್ದನ್ನು ನಲವತ್ತು ನಿಮಿಷಕ್ಕೆ ನೋಡಿ ಬರುವವರ ದಕ್ಷತೆಯ ಬಗ್ಗೆ ನನಗೆ ಗೌರವವಿದೆ. ಒಂದು ಅನುಕೂಲವೆಂದರೆ ಚಪ್ಪಲಿಯನ್ನು ಹೊರಗೆ ಬಿಡಬೇಕು. ಬರಿಗಾಲಿನವರು ಓಡುವುದು ಕಡಿಮೆ. ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಂಬಗಳ ಕಲ್ಯಾಣ ಮಂಟಪದಲ್ಲಿ ನವಿಲುಗಳ ಬಣ್ಣದ ಗಾಜಿನ ಚಾವಣಿಗೆ ಎಲ್ಲರೂ ಕತ್ತೆತ್ತುತ್ತಾರೆ. ಕತ್ತು ಇಳಿಸಿದವರಿಗೆ ಗೋಡೆಯ ಸುತ್ತ ದಸರಾ ಮೆರವಣಿಗೆಯ ಚಿತ್ರಗಳು ಕಾಣುತ್ತವೆ. ಬರೆದವರು ಮೈಸೂರಿನ ಕಲಾವಿದರು, ಬರೆಸಿಕೊಂಡವರು ಮೈಸೂರಿನ ಜನ. ಆನೆ, ಅಂಬಾರಿ, ದಫೇದಾರರು, ಪೇಟ ಸುತ್ತಿದವರು. ಒಂದನ್ನೇ ಆರಿಸಿಕೊಂಡು ಅದರೊಳಗಿನ ಪೇಟಗಳನ್ನು ಎಣಿಸಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಡ. ಮೆರವಣಿಗೆ ಎಷ್ಟು ನಿಧಾನವಾಗಿ ಸಾಗುತ್ತಿತ್ತೆಂಬುದೂ ತಿಳಿಯುತ್ತದೆ: ಆನೆಯ ಮೇಲೆ ಕೂತ ದೊರೆಗೂ ಎದುರಿನ ಮರ ಹತ್ತಿ ಕೂತ ಹುಡುಗನಿಗೂ ಪರಸ್ಪರ ನೋಡಿಕೊಳ್ಳಲು ಪುರುಸೊತ್ತು ಸಿಕ್ಕುವಷ್ಟು. ಇನ್ನು ಸಂಜೆಯ ದೀಪ. ಭಾನುವಾರಗಳಂದು, ಸರ್ಕಾರಿ ರಜೆಗಳಂದು ಒಂದು ಲಕ್ಷದಷ್ಟು ಬಲ್ಬುಗಳು ಸ್ವಲ್ಪ ಹೊತ್ತಿನ ಮಟ್ಟಿಗೆ ಉರಿಯುತ್ತವೆ. ಅಲ್ಲಿ ನಿಂತವರು ‘ಹಾ!’ ಎಂದು ಬಾಯಿ ತೆರೆಯುವುದು ದೀಪ ಹತ್ತಿದ ಒಂದು ಕ್ಷಣಕ್ಕೆ. ಎರಡನೇ ಕ್ಷಣದಿಂದ ಮೊಬೈಲು ಮೇಲೇಳುತ್ತದೆ. ಆ ‘ಹಾ’ಗೆ ಮೂಲಧನ ಅದಕ್ಕೆ ಮುಂಚಿನ ಕತ್ತಲೆ. ದಿನವಿಡೀ ಎಂಟು ಕಡೆ ಬೆಳಕು ನೋಡಿ ಕಣ್ಣು ಸೋತವರ ‘ಹಾ’ ಆಕಳಿಕೆಯೋ ಉದ್ಗಾರವೋ ಪಕ್ಕದವರಿಗೆ ತಿಳಿಯುವುದಿಲ್ಲ.

ಮಲಗುವುದು ಎಲ್ಲಿ ಎಂಬುದು ವಾದ ಒಪ್ಪಿದವರ ಪ್ರಶ್ನೆ. ಲಾಡ್ಜಿನ ಕೋಣೆ ಸುಲಭ, ಆದರೆ ಟಿ.ವಿ. ಇರುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಪಕ್ಕದ ಬೆಂಚುಗಳಿವೆ; ಬೆಳಗ್ಗೆ ಸಂಜೆ ಬಿರುಸಿನಿಂದ ನಡೆಯುವವರು ಅಲ್ಲಿ ಆರೋಗ್ಯ ಸಂಪಾದಿಸುತ್ತಾರೆ, ನಡುಹಗಲಲ್ಲಿ ಕೊಕ್ಕರೆಗಳು ಒಂಟಿ ಕಾಲ ಮೇಲೆ ನಿಂತೇ ಇದನ್ನೆಲ್ಲ ಸಾಧಿಸುತ್ತವೆ. ಎದ್ದ ಮೇಲೆ ಚಿತ್ರಶಾಲೆ, ಚಿತ್ರಶಾಲೆಯಿಂದ ಚಿಕ್ಕ ಗಡಿಯಾರದ ಕಡೆ ನಡೆದು ದೇವರಾಜ ಮಾರುಕಟ್ಟೆ. ಅಲ್ಲಿ ನಂಜನಗೂಡು ರಸಬಾಳೆ ಸಿಕ್ಕರೆ ಪುಣ್ಯ, ಚಿಗುರೆಲೆಯ ಕಟ್ಟು ಯಾವಾಗಲೂ ಉಂಟು, ಕುಂಕುಮದ ಗೋಪುರಗಳ ಮುಂದೆ ವಿದೇಶದವರು ಮಂಡಿಯೂರಿ ಫೋಟೋ ತೆಗೆಯುತ್ತಿರುತ್ತಾರೆ. ಕೊಳ್ಳಬೇಕಾದ್ದು ಮೈಸೂರು ಮಲ್ಲಿಗೆ. ಭೌಗೋಳಿಕ ಸೂಚಕದ ಸರ್ಕಾರಿ ಮುದ್ರೆ ಬಿದ್ದಿರುವ ಈ ಹೂವನ್ನು ಇನ್ನೂ ಮೊಳದಲ್ಲೇ ಅಳೆಯುತ್ತಾರೆ, ಮೊಳ ಮಾತ್ರ ಅಳೆಯುವವರ ತೋಳಿನಷ್ಟೇ ಇರುತ್ತದೆ; ಉದ್ದ ತೋಳಿನವರನ್ನು ಹುಡುಕಿಕೊಂಡು ಎರಡು ಸಾಲು ಸುತ್ತಿದರೆ ತಪ್ಪಿಲ್ಲ. ಚೌಕಾಸಿಗೆ ಕೂತಾಗ ‘ಅರಳೇ ಇಲ್ಲವಲ್ಲಮ್ಮ’ ಎಂದು ದೂರಿದರೆ ಹೂವಿನವಳು ನಿಮ್ಮನ್ನು ಮಗುವಿನಂತೆ ನೋಡಿ ಬಾಳೆಲೆಗೆ ಸುತ್ತಿ ಕೊಡುತ್ತಾಳೆ. ಸಂಜೆ ಕೊಂಡ ಮೊಗ್ಗು ಬಾಗಿಲು ತೆರೆಯುವುದು ರಾತ್ರಿ. ಊರು ದಾಟಿ, ಟೋಲು ಕೊಟ್ಟು, ವಡೆ ಸಿಗದ ಹೊಸ ರಸ್ತೆಯಲ್ಲಿ ಮದ್ದೂರು ಕಳೆಯುವ ಹೊತ್ತಿಗೆ ಕಾರಿನ ಹಿಂದಿನ ಸೀಟಿನಿಂದ ಅದರ ವಾಸನೆ ಮೆಲ್ಲಗೆ ಮುಂದಕ್ಕೆ ಬರುತ್ತದೆ. ಎಂಟು ಪಾಯಿಂಟು ಮುಗಿಸಿದವರು ಅಷ್ಟರಲ್ಲಿ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿರುತ್ತಾರೆ.